ಅಮೆರಿಕದ ಕುಟುಂಬ ರ‍್ಯಾಂಚ್‌ಗಳು ಮತ್ತು ದನದ ಮಾಂಸದ ಕಂಪನಿಗಳು

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಹುಲ್ಲುಗಾವಲಿನ ಹಿಡುವಳಿಗಳಲ್ಲಿ, ಅಂದರೆ ರ‍್ಯಾಂಚ್‌ಗಳಲ್ಲಿ, ಮಾಂಸದ ದನ ಸಾಕುವವರು ಲಕ್ಷಗಟ್ಟಲೆ ಕುಟುಂಬಗಳು. ಆ ದನವನ್ನು ಕೊಂಡು, ಕಡಿದು, ಮಾರುವವರು ಬೆರಳೆಣಿಕೆಯ ಕಂಪನಿಗಳು. 2022ರ ಕೃಷಿ ಗಣತಿಯ ಪ್ರಕಾರ ಮಾಂಸದ ತಳಿಯ ಹಸುಗಳಿರುವ ಹಿಡುವಳಿಗಳು ಸುಮಾರು 6.22 ಲಕ್ಷ. 2017ರ ಗಣತಿಯಲ್ಲಿ ಇವು ಸುಮಾರು 7.29 ಲಕ್ಷ ಇದ್ದವು. ಅಂದರೆ ಐದೇ ವರ್ಷದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಕೊಟ್ಟಿಗೆಗಳು ಬರಿದಾದವು. ಸರಾಸರಿ ಹಿಂಡಿನಲ್ಲಿ ಐವತ್ತು ಹಸುಗಳೂ ಇಲ್ಲ. ಇತ್ತ ಟೈಸನ್, ಜೆಬಿಎಸ್, ಕಾರ್ಗಿಲ್, ನ್ಯಾಷನಲ್ ಬೀಫ್ ಎಂಬ ನಾಲ್ಕು ಕಂಪನಿಗಳು ದೇಶದಲ್ಲಿ ಕೊಬ್ಬಿಸಿದ ದನಗಳ ಪೈಕಿ ಸುಮಾರು ಶೇ. 85ರಷ್ಟನ್ನು ಕಡಿಯುತ್ತವೆ.

ಇದು ಒಂದೇ ಬೀದಿಯ ಎರಡು ಅಂಗಡಿಗಳ ನಡುವಿನ ಪೈಪೋಟಿಯಂಥದಲ್ಲ. ಹಸು ಸಾಕುವ ಆಸೆ ಕಂಪನಿಗಳಿಗೆ ಇಲ್ಲವೇ ಇಲ್ಲ. ಕೋಳಿ ಉದ್ಯಮದಲ್ಲಿ ಕಂಪನಿಯೇ ಮರಿ, ಆಹಾರ, ಔಷಧ ಕೊಟ್ಟು ರೈತನನ್ನು ಗುತ್ತಿಗೆಯ ಸಾಕಣೆದಾರನನ್ನಾಗಿ ಮಾಡಿ ದಶಕಗಳೇ ಕಳೆದವು. ಹಂದಿ ಸಾಕಣೆಯೂ ಅದೇ ಹಾದಿ ಹಿಡಿಯಿತು. ದನ ಮಾತ್ರ ಆ ಅಚ್ಚಿಗೆ ಒಗ್ಗಲಿಲ್ಲ. ಹಸು ಒಂಬತ್ತು ತಿಂಗಳು ಗಬ್ಬ ಹೊತ್ತು ಒಂದು ಕರು ಹಾಕುತ್ತದೆ. ಆ ಕರು ಮಾಂಸಕ್ಕೆ ಬರಲು ಇನ್ನೂ ಒಂದೂವರೆ ವರ್ಷ ಬೇಕು. ಅಷ್ಟು ಕಾಲದ ಮೇವಿಗೆ ವಿಸ್ತಾರವಾದ ನೆಲ ಬೇಕು, ಮಳೆ ಬೇಕು. ಅಷ್ಟು ಬಂಡವಾಳವನ್ನು ಅಷ್ಟು ದಿನ ಮಳೆಯ ಕೈಗೆ ಒಪ್ಪಿಸಿ ಕೂರಲು ಷೇರುದಾರರಿಗೆ ಉತ್ತರ ಹೇಳಬೇಕಾದ ಯಾವ ಕಂಪನಿಯೂ ಮನಸ್ಸು ಮಾಡುವುದಿಲ್ಲ. ಹಾಗಾಗಿ ಬರ, ಹಿಮಗಾಳಿ, ರೋಗ, ತೋಳದ ಕಾಟ ಎಲ್ಲವೂ ಕುಟುಂಬದ ಪಾಲಿಗೆ ಉಳಿದಿವೆ. ಕುಟುಂಬ ರ‍್ಯಾಂಚ್‌ಗಳು ಇನ್ನೂ ಬದುಕಿರುವುದಕ್ಕೆ ಇದು ಮುಖ್ಯ ಕಾರಣ, ಅವು ಸೊರಗುತ್ತಿರುವುದಕ್ಕೂ ಇದೇ ಕಾರಣ. ಹುಲ್ಲುಗಾವಲಿನಲ್ಲಿ ಅವರನ್ನು ಮೀರಿಸುವವರಿಲ್ಲ. ಪೆಟ್ಟು ಬೀಳುವುದು ಮಾರುವ ದಿನ.

ಕರುವಿನಿಂದ ಕಸಾಯಿಖಾನೆಯವರೆಗೆ

ನೆಬ್ರಾಸ್ಕಾ, ಮೊಂಟಾನಾ, ವಯೋಮಿಂಗ್, ಡಕೋಟಾ ರಾಜ್ಯಗಳ ರ‍್ಯಾಂಚ್‌ಗಳಲ್ಲಿ ಹೆಚ್ಚಿನ ಹಸುಗಳು ಕರು ಹಾಕುವುದು ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ಚೊಚ್ಚಲು ಕಡಸುಗಳನ್ನು ಕೊಟ್ಟಿಗೆಯ ಹತ್ತಿರದ ದೊಡ್ಡಿಯಲ್ಲಿ ಕೂಡಿಹಾಕಿ, ರಾತ್ರಿಯಿಡೀ ಎರಡು ಮೂರು ಗಂಟೆಗೊಮ್ಮೆ ಮನೆಯ ಒಬ್ಬರಲ್ಲ ಒಬ್ಬರು ಟಾರ್ಚ್ ಹಿಡಿದು ನೋಡಿ ಬರುತ್ತಾರೆ. ಕರು ಅಡ್ಡ ಸಿಕ್ಕಿಕೊಂಡರೆ ಮುಂಗಾಲಿಗೆ ಸರಪಳಿ ಹಾಕಿ ಎಳೆಯಬೇಕು. ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಹುಟ್ಟಿದ ಒದ್ದೆ ಕರುವಿನ ಕಿವಿ ಮರಗಟ್ಟಿ ಉದುರಿಹೋಗುವುದುಂಟು. ಅದಕ್ಕೇ ಅದನ್ನು ಬಿಸಿಗಾಳಿಯ ಪೆಟ್ಟಿಗೆಯಲ್ಲೋ, ಪಿಕಪ್ ಟ್ರಕ್ಕಿನ ಹೀಟರ್ ಮುಂದೆಯೋ, ಎಷ್ಟೋ ಮನೆಗಳಲ್ಲಿ ಅಡುಗೆಮನೆಯ ನೆಲದ ಮೇಲೋ ಮಲಗಿಸಿ ಒಣಗಿಸುತ್ತಾರೆ. ಈ ದುಡಿಮೆಗೆ ಕೂಲಿ ಲೆಕ್ಕ ಇಡುವ ಪದ್ಧತಿ ಯಾವ ಮನೆಯಲ್ಲೂ ಇಲ್ಲ. ಲೆಕ್ಕ ಇಟ್ಟರೆ ಬಹುಪಾಲು ವರ್ಷಗಳಲ್ಲಿ ರ‍್ಯಾಂಚ್ ನಷ್ಟದಲ್ಲಿದೆ ಎಂದೇ ತೋರುತ್ತದೆ. ಮನೆಯ ಒಬ್ಬರಾದರೂ ಶಾಲೆಯಲ್ಲಿಯೋ ಆಸ್ಪತ್ರೆಯಲ್ಲಿಯೋ ಸಂಬಳಕ್ಕೆ ದುಡಿಯುವುದು ಈ ಕುಟುಂಬಗಳಲ್ಲಿ ಸಾಮಾನ್ಯ.

ಮೇ, ಜೂನ್‌ನಲ್ಲಿ ನೆರೆಹೊರೆಯ ರ‍್ಯಾಂಚ್‌ಗಳವರೆಲ್ಲ ಸೇರಿ ಕರುಗಳಿಗೆ ಮುದ್ರೆ ಹಾಕಿ, ಲಸಿಕೆ ಚುಚ್ಚಿ, ಹೋರಿಗರುಗಳ ಬೀಜ ಒಡೆಯುತ್ತಾರೆ. ಇಂದು ನಿಮ್ಮ ದೊಡ್ಡಿಯಲ್ಲಿ, ನಾಳೆ ನಮ್ಮಲ್ಲಿ ಎಂಬ ಈ ಮುಯ್ಯಾಳು ಪದ್ಧತಿ ಇನ್ನೂ ಗಟ್ಟಿಯಾಗಿದೆ. ಬೇಸಿಗೆಯೆಲ್ಲ ತಾಯಿಯೊಂದಿಗೆ ಹುಲ್ಲುಗಾವಲಿನಲ್ಲಿ ಬೆಳೆದ ಕರುವನ್ನು ಅಕ್ಟೋಬರ್ ಹೊತ್ತಿಗೆ ಹಾಲು ಬಿಡಿಸುವಾಗ ಅದು ಸುಮಾರು 250 ಕಿಲೋ ತೂಗುತ್ತದೆ. ಗಬ್ಬ ನಿಲ್ಲದ ಹಸುಗಳನ್ನೂ ಆಗಲೇ ಬೇರ್ಪಡಿಸುತ್ತಾರೆ. ಒಂದು ಗೊಡ್ಡು ಹಸುವಿಗೆ ಚಳಿಗಾಲವಿಡೀ ಒಣಹುಲ್ಲು ಹಾಕುವ ಶಕ್ತಿ ಸಣ್ಣ ಹಿಂಡಿನ ಯಜಮಾನನಿಗಿಲ್ಲ.

ಹೆಚ್ಚಿನ ಕುಟುಂಬಗಳ ಇಡೀ ವರ್ಷದ ವರಮಾನ ಒಂದೇ ದಿನ ಬರುತ್ತದೆ. ಹರಾಜು ಕಟ್ಟೆಯಲ್ಲಿ ಅರ್ಧಚಂದ್ರಾಕಾರದ ಮೆಟ್ಟಿಲುಗಳ ಮೇಲೆ ಖರೀದಿದಾರರು ಕೂತಿರುತ್ತಾರೆ, ಕೆಳಗಿನ ಕಟಾಂಜನದೊಳಗೆ ಕರುಗಳ ಗುಂಪು ಸುತ್ತು ಹೊಡೆಯುತ್ತದೆ, ತೂಕ ಫಲಕದ ಮೇಲೆ ಬೆಳಗುತ್ತದೆ, ಹರಾಜುಗಾರ ಉಸಿರು ಬಿಡದೆ ಬೆಲೆ ಕೂಗುತ್ತಾನೆ. ಕೊಳ್ಳುವವನು ಬೆರಳೆತ್ತುವುದೋ ತಲೆ ಆಡಿಸುವುದೋ ಅಷ್ಟೆ. ಒಂದು ಗುಂಪಿನ ವ್ಯಾಪಾರ ಒಂದೆರಡು ನಿಮಿಷದಲ್ಲಿ ಮುಗಿಯುತ್ತದೆ. ಬೆಲೆ ನೂರು ಪೌಂಡ್ ತೂಕಕ್ಕೆ ಇಷ್ಟು ಡಾಲರ್ ಎಂಬ ಲೆಕ್ಕದಲ್ಲಿ ನಡೆಯುತ್ತದೆ. ಕರು ಭಾರವಾದಷ್ಟೂ ಪೌಂಡಿನ ದರ ಇಳಿಯುತ್ತದೆ. ಲಾರಿಯಲ್ಲಿ ಬರುವಾಗ ನೀರು ಮೇವಿಲ್ಲದೆ ಇಳಿದ ತೂಕವೂ ಮಾರುವವನ ತಲೆಗೇ. ಹಾಲು ಬಿಡಿಸಿದ ಕರುವನ್ನು ಮರಳಿ ಮನೆಗೆ ಒಯ್ದು ಸಾಕಲು ಮೇವಿಲ್ಲದವನು ಅಂದು ಸಿಕ್ಕ ಬೆಲೆಗೇ ಕೊಟ್ಟು ಏಳಬೇಕು.

ಅಲ್ಲಿಂದ ಕರು ಕೆಲವು ತಿಂಗಳು ಬೇರೊಬ್ಬನ ಗೋಧಿ ಹೊಲದಲ್ಲೋ ಹುಲ್ಲಿನಲ್ಲೋ ಮೇದು, ಆಮೇಲೆ ಫೀಡ್‌ಲಾಟ್ ಸೇರುತ್ತದೆ. ಫೀಡ್‌ಲಾಟ್ ಎಂದರೆ ಬೇಲಿ ಹಾಕಿದ ಮಣ್ಣಿನ ದೊಡ್ಡಿಗಳ ಸಾಲು. ಉದ್ದದ ಸಿಮೆಂಟ್ ಗೋದಲೆಗೆ ಟ್ರಕ್ಕುಗಳು ದಿನಕ್ಕೆ ಎರಡು ಮೂರು ಬಾರಿ ಮೆಕ್ಕೆಜೋಳದ ಮಿಶ್ರಣ ಸುರಿಯುತ್ತ ಹೋಗುತ್ತವೆ. ಐದಾರು ತಿಂಗಳಲ್ಲಿ ದನ 600 ಕಿಲೋ ದಾಟುತ್ತದೆ. ಸಾವಿರಕ್ಕಿಂತ ಹೆಚ್ಚು ದನ ಹಿಡಿಸುವ ಫೀಡ್‌ಲಾಟ್‌ಗಳು ಒಟ್ಟು ಸಂಖ್ಯೆಯಲ್ಲಿ ಶೇ. 5ಕ್ಕಿಂತ ಕಡಿಮೆ, ಮಾರುಕಟ್ಟೆಗೆ ಬರುವ ಕೊಬ್ಬಿಸಿದ ದನಗಳಲ್ಲಿ ಶೇ. 80ಕ್ಕೂ ಹೆಚ್ಚು ಅವುಗಳಿಂದಲೇ ಬರುತ್ತವೆ. ಕೊನೆಯ ಮೆಟ್ಟಿಲು ಕಸಾಯಿಖಾನೆ. ದೊಡ್ಡ ಘಟಕವೊಂದು ದಿನಕ್ಕೆ ಐದಾರು ಸಾವಿರ ದನ ಕಡಿಯುತ್ತದೆ. ಪ್ರತಿ ಹಂತದಲ್ಲೂ ಕೊಳ್ಳುವವರ ಸಂಖ್ಯೆ ಕಡಿಮೆಯಾಗುತ್ತ ಹೋಗಿ, ತುದಿಯಲ್ಲಿ ನಾಲ್ವರು ಉಳಿಯುತ್ತಾರೆ.

ಹಿನ್ನೆಲೆ

ದೊಡ್ಡ ಬಂಡವಾಳ ಮತ್ತು ಸಣ್ಣ ಹಿಂಡುಗಳ ಜಗಳ ಈ ಕಸುಬಿನಷ್ಟೇ ಹಳೆಯದು. ಅಂತರ್ಯುದ್ಧ ಮುಗಿದ ಮೇಲೆ ಟೆಕ್ಸಸ್‌ನ ಉದ್ದಕೊಂಬಿನ ದನಗಳನ್ನು ಉತ್ತರಕ್ಕೆ ಅಟ್ಟಿಕೊಂಡು ಹೋಗಿ ರೈಲಿಗೆ ಹತ್ತಿಸುವ ವ್ಯಾಪಾರ 1867ರಲ್ಲಿ ಕಾನ್ಸಾಸ್‌ನ ಅಬಿಲೀನ್‌ನಲ್ಲಿ ಕುದುರಿತು. 1862ರ ಹೋಮ್‌ಸ್ಟೆಡ್ ಕಾಯಿದೆ ಒಂದು ಕುಟುಂಬಕ್ಕೆ 160 ಎಕರೆ ಕೊಡುತ್ತಿತ್ತು. ಮಳೆ ಕಡಿಮೆಯ ಪಶ್ಚಿಮದಲ್ಲಿ ಅಷ್ಟು ನೆಲದಲ್ಲಿ ಹತ್ತು ಹಸುವನ್ನೂ ನೆಮ್ಮದಿಯಾಗಿ ಸಾಕುವಂತಿರಲಿಲ್ಲ. 1880ರ ದಶಕದಲ್ಲಿ ಟೆಕ್ಸಸ್ ಸರ್ಕಾರ ತನ್ನ ರಾಜಧಾನಿಯ ಶಾಸನ ಭವನ ಕಟ್ಟಿಕೊಟ್ಟ ಬಂಡವಾಳಗಾರರಿಗೆ 30 ಲಕ್ಷ ಎಕರೆ ಬಿಟ್ಟುಕೊಟ್ಟಿತು. ಎಕ್ಸ್‌ಐಟಿ ರ‍್ಯಾಂಚ್ ಹುಟ್ಟಿದ್ದು ಹಾಗೆ. ಲಂಡನ್, ಎಡಿನ್‌ಬರೋಗಳ ಹಣ ಹುಲ್ಲುಗಾವಲಿಗೆ ಹರಿದುಬಂತು. 1886-87ರ ಭೀಕರ ಚಳಿಗಾಲದಲ್ಲಿ ಒಣಹುಲ್ಲಿನ ಬಣವೆಯೇ ಇಲ್ಲದೆ ಬಯಲಲ್ಲಿ ಬಿಟ್ಟಿದ್ದ ಲಕ್ಷಾಂತರ ದನಗಳು ಸತ್ತು ಎಷ್ಟೋ ಕಂಪನಿಗಳು ಮುಳುಗಿದವು. ಮುಂದೆ ಅಧ್ಯಕ್ಷರಾದ ಥಿಯೊಡೋರ್ ರೂಸ್‌ವೆಲ್ಟ್ ಡಕೋಟಾದಲ್ಲಿ ಕಟ್ಟಿದ್ದ ಹಿಂಡಿನ ಬಹುಭಾಗ ಕಳೆದುಕೊಂಡದ್ದೂ ಆಗಲೇ. ಬೇಸಿಗೆಯಲ್ಲಿ ಹುಲ್ಲು ಕೊಯ್ದು ಒಟ್ಟಿ, ಚಳಿಗಾಲಕ್ಕೆ ಹಾಕುವ ಸಣ್ಣ ಹಿಂಡಿನ ಕುಟುಂಬ ಪದ್ಧತಿ ಗಟ್ಟಿಯಾಗಿ ಬೇರೂರಿದ್ದು ಆ ದುರಂತದ ಬಳಿಕ.

ವಯೋಮಿಂಗ್‌ನಲ್ಲಿ ಈ ಜಗಳ ರಕ್ತಪಾತಕ್ಕೆ ತಿರುಗಿತು. 1884ರ ಅಲ್ಲಿನ ಕಾನೂನು, ಬಯಲಿನಲ್ಲಿ ಮುದ್ರೆಯಿಲ್ಲದೆ ಸಿಕ್ಕ ಕರುಗಳ ವಿಲೇವಾರಿಯನ್ನು ದೊಡ್ಡ ಹಿಂಡಿನ ಒಡೆಯರ ಸಂಘವಾದ ವಯೋಮಿಂಗ್ ಸ್ಟಾಕ್ ಗ್ರೋವರ್ಸ್ ಅಸೋಸಿಯೇಷನ್‌ಗೆ ಒಪ್ಪಿಸಿತ್ತು. ಸಣ್ಣ ಹಿಡುವಳಿದಾರನನ್ನು ದನಗಳ್ಳ ಎಂದು ಕರೆಯುವುದು ಸುಲಭವಾಯಿತು. 1889ರಲ್ಲಿ ಎಲಾ ವಾಟ್ಸನ್, ಜಿಮ್ ಆವೆರೆಲ್ ಎಂಬ ಇಬ್ಬರನ್ನು ಮರಕ್ಕೆ ನೇಣು ಹಾಕಲಾಯಿತು. 1892ರ ಏಪ್ರಿಲ್‌ನಲ್ಲಿ ಸಂಘದ ದೊಡ್ಡ ಒಡೆಯರು ಟೆಕ್ಸಸ್‌ನಿಂದ ಬಾಡಿಗೆ ಬಂದೂಕುಗಾರರನ್ನು ಕರೆಸಿ, ಸುಮಾರು ಐವತ್ತು ಜನರ ಪಡೆಯೊಂದಿಗೆ ಜಾನ್ಸನ್ ಕೌಂಟಿಗೆ ದಂಡೆತ್ತಿ ಹೋದರು. ನೇಟ್ ಚಾಂಪಿಯನ್ ಮತ್ತು ನಿಕ್ ರೇ ಎಂಬ ಇಬ್ಬರನ್ನು ಕೊಂದರು. ಸುದ್ದಿ ಹಬ್ಬಿ, ಷರೀಫನ ಮುಂದಾಳತ್ವದಲ್ಲಿ ಇನ್ನೂರರಷ್ಟು ಸಣ್ಣ ರೈತರು ಆ ಪಡೆಯನ್ನೇ ಟಿಎ ರ‍್ಯಾಂಚ್‌ನಲ್ಲಿ ಸುತ್ತುಗಟ್ಟಿದರು. ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ಕಳಿಸಿದ ಅಶ್ವದಳ ಬಂದು ಬಿಡಿಸಿತು. ದಾಳಿಕೋರರಲ್ಲಿ ಒಬ್ಬನಿಗೂ ಶಿಕ್ಷೆಯಾಗಲಿಲ್ಲ. ಈ ಇತಿಹಾಸವನ್ನು ಪಶ್ಚಿಮದ ರ‍್ಯಾಂಚ್ ಕುಟುಂಬಗಳು ಮರೆತಿಲ್ಲ. ದೊಡ್ಡವರ ಪರವಾಗಿಯೇ ಸರ್ಕಾರ ನಿಲ್ಲುತ್ತದೆ ಎಂಬ ಅವರ ಅನುಮಾನಕ್ಕೆ ಬೇರು ಇಷ್ಟು ಆಳದಲ್ಲಿದೆ.

ಷಿಕಾಗೊ ಈ ಕಥೆಯ ಇನ್ನೊಂದು ಮಗ್ಗುಲು. 1865ರಲ್ಲಿ ಅಲ್ಲಿ ಯೂನಿಯನ್ ಸ್ಟಾಕ್ ಯಾರ್ಡ್ಸ್ ತೆರೆಯಿತು. ಗುಸ್ತಾವಸ್ ಸ್ವಿಫ್ಟ್ ಮಂಜುಗಡ್ಡೆಯ ರೈಲು ಡಬ್ಬಿಗಳಲ್ಲಿ ಕಡಿದ ಮಾಂಸವನ್ನೇ ಪೂರ್ವದ ಊರುಗಳಿಗೆ ಕಳಿಸತೊಡಗಿದ ಮೇಲೆ ಜೀವಂತ ದನ ಸಾಗಿಸುವ ವ್ಯಾಪಾರ ಬಿದ್ದುಹೋಯಿತು. ಆರ್ಮರ್, ಸ್ವಿಫ್ಟ್, ಮಾರಿಸ್, ವಿಲ್ಸನ್, ಕಡಹಿ ಎಂಬ ಐದು ಮನೆತನಗಳ ಕಂಪನಿಗಳು ದರ ಹೊಂದಿಸಿಕೊಂಡು ಕೊಳ್ಳುತ್ತಿವೆ ಎಂದು ಫೆಡರಲ್ ಟ್ರೇಡ್ ಕಮಿಷನ್ ಮೊದಲ ಮಹಾಯುದ್ಧದ ಹೊತ್ತಿಗೆ ವರದಿ ಮಾಡಿತು. 1920ರ ನ್ಯಾಯಾಲಯದ ಒಪ್ಪಂದ, 1921ರ ಪ್ಯಾಕರ್ಸ್ ಅಂಡ್ ಸ್ಟಾಕ್‌ಯಾರ್ಡ್ಸ್ ಕಾಯಿದೆ ಅವುಗಳ ಹಿಡಿತ ಸಡಿಲಿಸಿದವು. ಮುಂದಿನ ಅರ್ಧ ಶತಮಾನ ರ‍್ಯಾಂಚ್‌ಗಳಿಗೆ ಉಸಿರಾಡುವ ಕಾಲ. 1977ರಲ್ಲಿ ಮೊದಲ ನಾಲ್ಕು ಕಂಪನಿಗಳ ಪಾಲು ಕೇವಲ ಶೇ. 25ರಷ್ಟಿತ್ತು. ಕಾನೂನು ಮನಸ್ಸಿಟ್ಟು ಜಾರಿಯಾದರೆ ಏನಾಗಬಹುದು ಎಂಬುದಕ್ಕೆ ಈ ಅಂಕಿಯೇ ಸಾಕ್ಷಿ.

ಆಮೇಲಿನ ತಿರುವು ಅಯೋವಾದ ಡೆನಿಸನ್‌ನಲ್ಲಿ 1960ರಲ್ಲಿ ಹುಟ್ಟಿದ ಅಯೋವಾ ಬೀಫ್ ಪ್ಯಾಕರ್ಸ್, ಅಂದರೆ ಐಬಿಪಿ, ಕಂಪನಿಯದು. ಅದುವರೆಗೆ ದನದ ಅರ್ಧ, ಕಾಲು ಭಾಗಗಳನ್ನು ಕೊಕ್ಕೆಗೆ ತೂಗುಹಾಕಿ ಊರೂರಿಗೆ ಕಳಿಸುತ್ತಿದ್ದರು. ಅಂಗಡಿಯ ನುರಿತ ಕಟುಕ ಅದನ್ನು ಬಿಡಿಸುತ್ತಿದ್ದ. ಐಬಿಪಿ 1967ರಲ್ಲಿ ನೆಬ್ರಾಸ್ಕಾದ ಡಕೋಟಾ ಸಿಟಿಯಲ್ಲಿ ಮಾಂಸವನ್ನು ಕಾರ್ಖಾನೆಯೊಳಗೇ ತುಂಡು ಮಾಡಿ, ಗಾಳಿ ಹೀರಿದ ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿ ತುಂಬಿ ಕಳಿಸತೊಡಗಿತು. ಮೂಳೆ, ಕೊಬ್ಬು ಸಾಗಿಸುವ ವೆಚ್ಚ ಉಳಿಯಿತು. ಸಾಲಿನಲ್ಲಿ ನಿಂತ ಒಬ್ಬೊಬ್ಬ ಕೆಲಸಗಾರನೂ ದಿನವಿಡೀ ಒಂದೇ ಕಡಿತ ಮಾಡುವುದರಿಂದ ನುರಿತ ಕೈಯ ಅಗತ್ಯ ಹೋಯಿತು, ಕೂಲಿಯೂ ಇಳಿಯಿತು. ನಗರದ ಕಾರ್ಮಿಕ ಸಂಘಗಳಿಂದ ದೂರ, ಫೀಡ್‌ಲಾಟ್‌ಗಳ ಪಕ್ಕದಲ್ಲೇ, ಸಣ್ಣ ಊರುಗಳಲ್ಲಿ ದೈತ್ಯ ಘಟಕಗಳು ಎದ್ದವು. ಷಿಕಾಗೊದ ಯಾರ್ಡ್ 1971ರಲ್ಲಿ ಬಾಗಿಲು ಹಾಕಿತು. 2001ರಲ್ಲಿ ಟೈಸನ್ ಐಬಿಪಿಯನ್ನು ಕೊಂಡಿತು. ಕೊಲೊರಾಡೊದ ಗ್ರೀಲಿಯಲ್ಲಿ ಮಾನ್‌ಫೋರ್ಟ್ ಕುಟುಂಬ 1930ರಲ್ಲಿ ಆರಂಭಿಸಿದ ಫೀಡ್‌ಲಾಟ್ ಬೆಳೆದು ಕಸಾಯಿಖಾನೆಯಾಗಿ, 1987ರಲ್ಲಿ ಕಾನಾಗ್ರಾ ಕಂಪನಿಗೆ ಮಾರಾಟವಾಗಿ, ಸ್ವಿಫ್ಟ್ ಹೆಸರಿಗೆ ಬಂದು, 2007ರಲ್ಲಿ ಬ್ರೆಜಿಲ್‌ನ ಜೆಬಿಎಸ್ ಪಾಲಾಯಿತು. ಆ ಜೆಬಿಎಸ್ ಕೂಡ 1953ರಲ್ಲಿ ಗೊಯಾಸ್ ರಾಜ್ಯದ ಅನಾಪೊಲಿಸ್‌ನಲ್ಲಿ ಜೋಸೆ ಬಟಿಸ್ಟಾ ಸೊಬ್ರಿನ್ಯೊ ಇಟ್ಟ ಸಣ್ಣ ಮಾಂಸದಂಗಡಿಯಿಂದ ಬೆಳೆದದ್ದು. 2008ರಲ್ಲಿ ಅದು ನ್ಯಾಷನಲ್ ಬೀಫ್ ಅನ್ನೂ ಕೊಳ್ಳಲು ಹೊರಟಾಗ ನ್ಯಾಯಾಂಗ ಇಲಾಖೆ ದಾವೆ ಹೂಡಿ ತಡೆಯಿತು. ಇಲ್ಲವಾದರೆ ನಾಲ್ಕು ಮೂರಾಗುತ್ತಿತ್ತು.

ಭಾರತದ ತಳಿಗಳು

ಈ ಉದ್ಯಮಕ್ಕೂ ಕೃಷ್ಣಾ ತೀರಕ್ಕೂ ಒಂದು ನಂಟಿದೆ. ಟೆಕ್ಸಸ್, ಲೂಸಿಯಾನ, ಫ್ಲಾರಿಡಾಗಳ ಸೆಕೆಗೂ ಉಣ್ಣೆಗಳ ಕಾಟಕ್ಕೂ ಯೂರೋಪಿನ ತಳಿಗಳು ತಡೆಯುತ್ತಿರಲಿಲ್ಲ. 1906ರಲ್ಲಿ ಟೆಕ್ಸಸ್‌ನ ಪಿಯರ್ಸ್ ರ‍್ಯಾಂಚ್‌ಗಾಗಿ ಎ.ಪಿ. ಬೋರ್ಡೆನ್ ಭಾರತದಿಂದ ದನಗಳನ್ನು ತರಿಸಿದರು. ಗಿರ್, ಕಾಂಕ್ರೇಜ್, ಓಂಗೋಲ್ ಮತ್ತು ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಯ ಕೃಷ್ಣಾ ಕಣಿವೆ ತಳಿಗಳ ರಕ್ತ ಸೇರಿ ಅಮೆರಿಕನ್ ಬ್ರಾಹ್ಮನ್ ತಳಿ ರೂಪುಗೊಂಡಿತು. ಅದರ ಸಂಘ 1924ರಲ್ಲಿ ಸ್ಥಾಪನೆಯಾಯಿತು. ಕಿಂಗ್ ರ‍್ಯಾಂಚ್ ಷಾರ್ಟ್‌ಹಾರ್ನ್ ದನಗಳಿಗೆ ಬ್ರಾಹ್ಮನ್ ಬೆರೆಸಿ ಸಾಂತಾ ಗೆರ್ಟ್ರೂಡಿಸ್ ತಳಿ ಕಟ್ಟಿತು. ಬ್ರೆಜಿಲ್‌ನ ಹಿಂಡುಗಳಲ್ಲಿ ಬಹುಪಾಲು ಓಂಗೋಲ್ ಮೂಲದ ನೆಲೋರ್. ಎರೆಹೊಲದ ಉಳುಮೆಗೆಂದು ಹದಗೊಂಡ ಕೃಷ್ಣಾ ಕಣಿವೆಯ ಎತ್ತುಗಳು ಟ್ರ್ಯಾಕ್ಟರ್ ಬಂದ ಮೇಲೆ ತವರಿನಲ್ಲೇ ಅಪರೂಪವಾಗಿವೆ ಎಂಬುದು ನೋವಿನ ಸಂಗತಿ.

ಬೆಲೆ ಯಾರ ಕೈಯಲ್ಲಿ

ಕೊಬ್ಬಿಸಿದ ದನಕ್ಕೆ ಬೆಲೆ ಗೊತ್ತಾಗುವ ಬಗೆ ಕಳೆದ ಮೂರು ದಶಕಗಳಲ್ಲಿ ಬದಲಾಗಿದೆ. ಮೊದಲು ಕಂಪನಿಯ ಖರೀದಿದಾರ ವಾರವಾರ ಫೀಡ್‌ಲಾಟ್‌ಗೆ ಬಂದು ದೊಡ್ಡಿಯ ದನ ನೋಡಿ, ಚೌಕಾಸಿ ಮಾಡಿ ದರ ಕಟ್ಟುತ್ತಿದ್ದ. ಈಗ ಹೆಚ್ಚಿನ ದನ ಮುಂಗಡ ಒಪ್ಪಂದದ ಮೇಲೆ ಹೋಗುತ್ತದೆ. ಒಪ್ಪಂದದಲ್ಲಿ ಬೆಲೆ ಇರುವುದಿಲ್ಲ, ಸೂತ್ರ ಇರುತ್ತದೆ: ಆ ವಾರದ ಚೌಕಾಸಿ ಮಾರುಕಟ್ಟೆಯ ದರ, ಅದಕ್ಕೆ ಮಾಂಸದ ದರ್ಜೆ ನೋಡಿ ಕೂಡುವುದು ಕಳೆಯುವುದು. ಚೌಕಾಸಿಯಲ್ಲಿ ಮಾರಾಟವಾಗುವ ದನ ಸುಮಾರು ಕಾಲು ಭಾಗಕ್ಕೆ ಇಳಿದಿದೆ. ಟೆಕ್ಸಸ್ ಕಡೆ ಇನ್ನೂ ಕಡಿಮೆ. ಆ ಸಣ್ಣ ಪಾಲಿನಲ್ಲಿ ಹುಟ್ಟಿದ ದರವೇ ಉಳಿದ ಮುಕ್ಕಾಲು ಭಾಗವನ್ನೂ ಆಳುತ್ತದೆ. ಒಪ್ಪಂದದ ದನ ಕೈಯಲ್ಲಿರುವ ಕಂಪನಿ ಆ ವಾರ ಚೌಕಾಸಿಗೆ ಬಾರದೆ ಸುಮ್ಮನಿದ್ದರೂ ದರ ಇಳಿಯುತ್ತದೆ. ಕರುವಿನ ಬೆಲೆ ಫೀಡ್‌ಲಾಟ್‌ನವನು ಮುಂದೆ ಏನು ಸಿಕ್ಕೀತು ಎಂದು ಎಣಿಸುವುದರ ಮೇಲೆ ನಿಂತಿರುವುದರಿಂದ, ಪೆಟ್ಟು ಹಿಂದಕ್ಕೆ ಸಾಗಿ ಕುಟುಂಬ ರ‍್ಯಾಂಚ್‌ನ ಅಕ್ಟೋಬರ್ ಹರಾಜಿಗೆ ಬಂದು ತಗಲುತ್ತದೆ.

ಇದನ್ನು ಪ್ರಶ್ನಿಸಿದ ದೊಡ್ಡ ಮೊಕದ್ದಮೆ ಪಿಕೆಟ್ ಪ್ರಕರಣ. 1996ರಲ್ಲಿ ಐಬಿಪಿ ವಿರುದ್ಧ ಹೂಡಿದ ಈ ದಾವೆಯಲ್ಲಿ 2004ರ ಫೆಬ್ರವರಿಯಲ್ಲಿ ಅಲಬಾಮಾದ ಜ್ಯೂರಿ ದನ ಮಾರುವವರ ಪರ ನಿಂತು, ನಷ್ಟವನ್ನು 128 ಕೋಟಿ ಡಾಲರ್ ಎಂದು ಲೆಕ್ಕ ಹಾಕಿತು. ಕೆಲವೇ ವಾರಗಳಲ್ಲಿ ನ್ಯಾಯಾಧೀಶರು, ಒಪ್ಪಂದದ ಖರೀದಿಗೆ ಕಂಪನಿಗೆ ವ್ಯಾಪಾರದ ಸಕಾರಣಗಳಿವೆ ಎಂದು ಆ ತೀರ್ಪನ್ನು ತೆಗೆದುಹಾಕಿದರು. 2005ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತು.

ಕಂಪನಿಗಳ ಪರವಾದ ವಾದವನ್ನೂ ಇಲ್ಲಿ ಹೇಳಬೇಕು. ದೊಡ್ಡ ಘಟಕದಲ್ಲಿ ಒಂದು ದನ ಕಡಿಯುವ ವೆಚ್ಚ ಸಣ್ಣ ಘಟಕಕ್ಕಿಂತ ಬಹಳ ಕಡಿಮೆ. ದರ್ಜೆಗೆ ತಕ್ಕ ಬೆಲೆ ಕೊಡುವ ಸೂತ್ರ ಬಂದ ಮೇಲೆ ಸಾಕುವವರು ತಳಿ ಸುಧಾರಿಸಿದರು, ಮೇಲ್ದರ್ಜೆಯ ಮಾಂಸದ ಪಾಲು ಗಣನೀಯವಾಗಿ ಏರಿತು. ಒಪ್ಪಂದಗಳನ್ನು ನಿಷೇಧಿಸಿದರೆ ಒಟ್ಟಾರೆ ನಷ್ಟವೇ ಹೆಚ್ಚು ಎಂದು ಕೃಷಿ ಇಲಾಖೆಗಾಗಿ ಆರ್‌ಟಿಐ ಇಂಟರ್‌ನ್ಯಾಷನಲ್ 2007ರಲ್ಲಿ ಮಾಡಿದ ಅಧ್ಯಯನ ಹೇಳಿತು. ಇವು ತಳ್ಳಿಹಾಕುವ ಮಾತುಗಳಲ್ಲ. ಆದರೆ ಹೀಗೆ ಉಳಿತಾಯವಾದ ಹಣದಲ್ಲಿ ಯಾರಿಗೆ ಎಷ್ಟು ಪಾಲು ಎಂಬ ಪ್ರಶ್ನೆಗೆ ಅವು ಉತ್ತರ ಕೊಡುವುದಿಲ್ಲ. ಐವತ್ತು ವರ್ಷ ಹಿಂದೆ ಗ್ರಾಹಕ ದನದ ಮಾಂಸಕ್ಕೆ ಕೊಟ್ಟ ಪ್ರತಿ ಡಾಲರ್‌ನಲ್ಲಿ ಸಾಕುವವರಿಗೆ 60 ಸೆಂಟ್‌ಗಿಂತ ಹೆಚ್ಚು ಸಿಗುತ್ತಿತ್ತು, ಈಗ ಸುಮಾರು 39 ಸೆಂಟ್ ಎಂದು 2022ರ ಜನವರಿಯಲ್ಲಿ ಶ್ವೇತಭವನವೇ ಪ್ರಕಟಿಸಿತು.

ಕೆಲವೇ ಘಟಕಗಳ ಮೇಲೆ ಇಡೀ ದೇಶ ನಿಂತರೆ ಏನಾಗುತ್ತದೆ ಎಂಬುದು 2019ರ ಆಗಸ್ಟ್ 9ರಂದು ಕಾನ್ಸಾಸ್‌ನ ಹಾಲ್ಕಂಬ್‌ನಲ್ಲಿ ಟೈಸನ್ ಘಟಕಕ್ಕೆ ಬೆಂಕಿ ಬಿದ್ದಾಗ ಕಂಡಿತು. ದೇಶದ ಕಡಿಯುವ ಸಾಮರ್ಥ್ಯದ ಶೇ. 5-6ರಷ್ಟು ಒಂದೇ ರಾತ್ರಿ ನಿಂತುಹೋಯಿತು. ದನದ ಬೆಲೆ ಕುಸಿಯಿತು, ಪೆಟ್ಟಿಗೆ ಮಾಂಸದ ಸಗಟು ಬೆಲೆ ಏರಿತು. ಮರುವರ್ಷ ಕೋವಿಡ್‌ನಲ್ಲಿ ಕೆಲಸಗಾರರು ಒಬ್ಬರ ಭುಜಕ್ಕೆ ಒಬ್ಬರು ತಾಗಿ ನಿಲ್ಲುವ ಘಟಕಗಳು ಸಾಲಾಗಿ ಮುಚ್ಚಿದಾಗ ಅದೇ ಇನ್ನೂ ದೊಡ್ಡದಾಗಿ ನಡೆಯಿತು: 2020ರ ಏಪ್ರಿಲ್ ಮತ್ತು ಮೇ ನಡುವೆ ಸಗಟು ಮಾಂಸದ ಬೆಲೆ ಎರಡು ಪಟ್ಟು ಮೀರಿತು, ಫೀಡ್‌ಲಾಟ್‌ಗಳಲ್ಲಿ ತೂಕ ತುಂಬಿದ ದನಗಳು ಕೊಳ್ಳುವವರಿಲ್ಲದೆ ನಿಂತವು. ಅಂಗಡಿಯಲ್ಲಿ ಮಾಂಸ ಇಲ್ಲ, ದೊಡ್ಡಿಯಲ್ಲಿ ಜಾಗ ಇಲ್ಲ. 2021ರ ಮೇ ಕೊನೆಯಲ್ಲಿ ಸೈಬರ್ ದಾಳಿಯಿಂದ ಜೆಬಿಎಸ್ ಘಟಕಗಳು ನಿಂತು, ಕಂಪನಿ 1.1 ಕೋಟಿ ಡಾಲರ್ ಸುಲಿಗೆ ಹಣ ತೆತ್ತಿತು.

ನೆಲದ ಪ್ರಶ್ನೆ

ಪಶ್ಚಿಮದ ರ‍್ಯಾಂಚ್‌ಗಳಲ್ಲಿ ಸ್ವಂತ ಜಮೀನಿಗಿಂತ ಸರ್ಕಾರಿ ಹುಲ್ಲುಗಾವಲು ಹೆಚ್ಚಿರುವುದುಂಟು. 1934ರ ಟೇಲರ್ ಗ್ರೇಜಿಂಗ್ ಕಾಯಿದೆಯ ಅಡಿಯಲ್ಲಿ ಪರವಾನಗಿ ಪಡೆದವರು ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್‌ನ ಸುಮಾರು 15.5 ಕೋಟಿ ಎಕರೆಯಲ್ಲಿ ದನ ಮೇಯಿಸಬಹುದು. ಹಸು-ಕರು ಜೋಡಿಗೆ ತಿಂಗಳಿಗೆ ಕನಿಷ್ಠ ಶುಲ್ಕ 1.35 ಡಾಲರ್, ಖಾಸಗಿ ಹುಲ್ಲಿನ ಬಾಡಿಗೆ ಇದರ ಹತ್ತು ಪಟ್ಟಿಗೂ ಹೆಚ್ಚು. ಇದು ಸರ್ಕಾರ ಕೊಡುವ ಬಿಟ್ಟಿ ನೆರವು ಎಂದು ಪರಿಸರವಾದಿಗಳು ಆಕ್ಷೇಪಿಸುತ್ತಾರೆ. ಬೇಲಿ, ನೀರಿನ ತೊಟ್ಟಿ ನೋಡಿಕೊಳ್ಳುವ ಖರ್ಚು ತಮ್ಮದು ಎಂದು ರ‍್ಯಾಂಚ್‌ನವರು ಉತ್ತರಿಸುತ್ತಾರೆ.

ದೊಡ್ಡ ಸಂಕಟ ಸ್ವಂತ ನೆಲದ ಬೆಲೆ. ನದಿಯಿರುವ, ಬೆಟ್ಟ ಕಾಣುವ ಜಾಗಕ್ಕೆ ದನದ ಆದಾಯದಿಂದ ಎಂದೂ ತೀರಿಸಲಾಗದ ಬೆಲೆ ಬಂದಿದೆ. 2021ರಲ್ಲಿ ಮೊಂಟಾನಾದ ಬೀವರ್‌ಹೆಡ್ ರ‍್ಯಾಂಚ್ ಅನ್ನು ಕೋಕ್ ಇಂಡಸ್ಟ್ರೀಸ್‌ನಿಂದ ಮಾಧ್ಯಮ ಉದ್ಯಮಿ ರೂಪರ್ಟ್ ಮರ್ಡೋಕ್ ಸುಮಾರು 20 ಕೋಟಿ ಡಾಲರ್‌ಗೆ ಕೊಂಡರು. 2022ರ ಗಣತಿಯಲ್ಲಿ ಅಮೆರಿಕದ ಕೃಷಿಕರ ಸರಾಸರಿ ವಯಸ್ಸು 58.1. ಯಜಮಾನ ತೀರಿಕೊಂಡು ನಾಲ್ಕು ಮಕ್ಕಳಲ್ಲಿ ಒಬ್ಬರು ದನ ಸಾಕುತ್ತೇನೆ ಎಂದರೂ ಉಳಿದ ಮೂವರ ಪಾಲಿನ ಹಣ ಹೊಂದಿಸಲಾಗದೆ ಮಾರಿಬಿಡುವುದು ಈಗ ಮನೆಮನೆಯ ಕಥೆ. ಇದಕ್ಕೆ ಒಂದು ಪರಿಹಾರವಾಗಿ ರ‍್ಯಾಂಚ್‌ನವರೇ ಕಂಡುಕೊಂಡದ್ದು, ನೆಲವನ್ನು ಎಂದೂ ನಿವೇಶನ ಮಾಡುವುದಿಲ್ಲ ಎಂದು ಕರಾರು ಬರೆದು, ಆ ಹಕ್ಕಿನ ಬೆಲೆಯನ್ನು ಹಣವಾಗಿಯೋ ತೆರಿಗೆ ರಿಯಾಯಿತಿಯಾಗಿಯೋ ಪಡೆಯುವ ಪದ್ಧತಿ. 1995ರಲ್ಲಿ ಕೊಲೊರಾಡೊದ ದನ ಸಾಕಣೆದಾರರ ಸಂಘ ಇದಕ್ಕಾಗಿಯೇ ಭೂ ನ್ಯಾಸ ಕಟ್ಟಿತು.

ಕುಟುಂಬ, ಕಂಪನಿ ಎಂಬ ಗೆರೆ ಎಲ್ಲ ಕಡೆ ಸ್ಪಷ್ಟವಾಗಿಲ್ಲ. 8.25 ಲಕ್ಷ ಎಕರೆಯ ಕಿಂಗ್ ರ‍್ಯಾಂಚ್ 1853ರಿಂದ ಒಂದೇ ವಂಶದ ಕೈಯಲ್ಲಿರುವ ಕಂಪನಿ. ತೆರಿಗೆ, ವಾರಸುದಾರಿಕೆಗಳ ಅನುಕೂಲಕ್ಕಾಗಿ ನೂರು ಹಸುವಿನ ಕುಟುಂಬಗಳೂ ಕಂಪನಿಯಾಗಿ ನೋಂದಾಯಿಸಿಕೊಳ್ಳುತ್ತವೆ.

ಕುಟುಂಬಗಳು ಹಿಡಿದ ದಾರಿಗಳು

ಒಂದಾಗಿ ಮಾರುವುದು ಮೊದಲ ದಾರಿ. ಒರೆಗಾನ್‌ನ ಬ್ರದರ್ಸ್ ಎಂಬ ಒಣ ನಾಡಿನಲ್ಲಿ 1986ರಲ್ಲಿ ಡಾಕ್ ಮತ್ತು ಕಾನಿ ಹ್ಯಾಟ್‌ಫೀಲ್ಡ್ ದಂಪತಿಯ ಮನೆಯಲ್ಲಿ 14 ರ‍್ಯಾಂಚ್ ಕುಟುಂಬಗಳು ಸೇರಿ ಕಂಟ್ರಿ ನ್ಯಾಚುರಲ್ ಬೀಫ್ ಸಹಕಾರಿಯನ್ನು ಕಟ್ಟಿದವು. ಕರು ಹುಟ್ಟಿದಂದಿನಿಂದ ಮಾಂಸ ಅಂಗಡಿ ಸೇರುವವರೆಗೆ ಒಡೆತನ ಕುಟುಂಬಗಳದ್ದೇ. ಕೊಬ್ಬಿಸುವವರಿಗೂ ಕಡಿಯುವವರಿಗೂ ಅವರು ಕೂಲಿ ಕೊಡುತ್ತಾರೆ, ದನ ಮಾರುವುದಿಲ್ಲ. ಬೆಲೆಯನ್ನು ತಮ್ಮ ಉತ್ಪಾದನಾ ವೆಚ್ಚದ ಮೇಲೆ ಕಟ್ಟಿ ಅಂಗಡಿಯೊಂದಿಗೆ ಮಾತಾಡುತ್ತಾರೆ. ಸದಸ್ಯರು ವರ್ಷಕ್ಕೊಮ್ಮೆ ನಗರದ ಅಂಗಡಿಯಲ್ಲಿ ನಿಂತು ಗ್ರಾಹಕರೊಂದಿಗೆ ಮಾತಾಡಬೇಕೆಂಬುದು ಅವರ ನಿಯಮ. ಈ ಕ್ಷೇತ್ರದಲ್ಲಿ ಇದಕ್ಕಿಂತ ಅರ್ಥಪೂರ್ಣ ಪ್ರಯೋಗ ಇನ್ನೊಂದಿಲ್ಲ.

ಯುಎಸ್ ಪ್ರೀಮಿಯಂ ಬೀಫ್ ಇನ್ನೂ ದೊಡ್ಡ ಹೆಜ್ಜೆ ಇಟ್ಟಿತು. 1996ರಲ್ಲಿ ಹುಟ್ಟಿದ ಈ ಸಾಕಣೆದಾರರ ಸಂಸ್ಥೆ ಕಸಾಯಿಖಾನೆಯನ್ನೇ ಕೊಳ್ಳಲು ಹೊರಟು, 2003ರಲ್ಲಿ ನ್ಯಾಷನಲ್ ಬೀಫ್‌ನ ಬಹುಪಾಲು ಪಡೆಯಿತು. ದೇಶದ ನಾಲ್ಕನೆಯ ದೊಡ್ಡ ಮಾಂಸ ಕಂಪನಿ ದನ ಸಾಕುವವರದಾಗಿದ್ದ ಆ ಎಂಟು ವರ್ಷ ಮರೆಯುವಂಥದ್ದಲ್ಲ. 2011ರಲ್ಲಿ ಲುಕೇಡಿಯಾ ಎಂಬ ಹೂಡಿಕೆ ಕಂಪನಿಗೆ ಹೆಚ್ಚಿನ ಪಾಲು ಮಾರಲಾಯಿತು. 2018ರಲ್ಲಿ ನ್ಯಾಷನಲ್ ಬೀಫ್ ಬ್ರೆಜಿಲ್‌ನ ಮಾರ್‌ಫ್ರಿಗ್ ಹಿಡಿತಕ್ಕೆ ಹೋಯಿತು. ಸಾಕಣೆದಾರರ ಕೈಯಲ್ಲಿ ಸಣ್ಣ ಪಾಲು ಈಗಲೂ ಇದೆ.

ನೇರ ಮಾರಾಟ ಎರಡನೆಯ ದಾರಿ. ಕೇಳಲು ಸರಳ, ಮಾಡಲು ಕಷ್ಟ. 600 ಕಿಲೋದ ದನದಿಂದ ಕೊನೆಗೆ ಸಿಗುವ ಮಾಂಸ 250 ಕಿಲೋದ ಆಸುಪಾಸು. ಅದರಲ್ಲಿ ಎಲ್ಲರೂ ಕೇಳುವ ಸ್ಟೇಕ್ ಅಲ್ಪ, ಕೈಮಾವೇ ಹೆಚ್ಚು. ಆದ್ದರಿಂದ ಇಡೀ ದನದ ಅರ್ಧವನ್ನೋ ಕಾಲನ್ನೋ ಒಂದೊಂದು ಮನೆಗೆ ಮಾರುವುದು ರೂಢಿ. ಮಾಂಸವನ್ನು ಬಿಡಿಯಾಗಿ ಮಾರಲು ಸರ್ಕಾರಿ ತಪಾಸಣೆಯ ಘಟಕದಲ್ಲೇ ಕಡಿಸಬೇಕು. ತಪಾಸಣೆಯಿಲ್ಲದ ಊರಿನ ಸಣ್ಣ ಘಟಕದಲ್ಲಿ ಕಡಿಸಿದರೆ ಪ್ರತಿ ಪೊಟ್ಟಣದ ಮೇಲೂ ‘ಮಾರಾಟಕ್ಕಿಲ್ಲ’ ಎಂಬ ಮುದ್ರೆ ಬೀಳುತ್ತದೆ. ಅದನ್ನು ದನದ ಒಡೆಯನ ಮನೆಯವರೇ ತಿನ್ನಬೇಕು. ಹಾಗಾಗಿ ಗಿರಾಕಿಗಳು ದನ ಜೀವಂತ ಇರುವಾಗಲೇ ಪಾಲು ಕೊಂಡು ಒಡೆಯರಾಗುತ್ತಾರೆ. 2020ರಲ್ಲಿ ಜನ ಮುಗಿಬಿದ್ದಾಗ ಈ ಸಣ್ಣ ಘಟಕಗಳ ಸರದಿ ಒಂದು ವರ್ಷಕ್ಕೂ ಮುಂದಕ್ಕೆ ಹೋಯಿತು. ಜಾರ್ಜಿಯಾದ ಬ್ಲಫ್ಟನ್‌ನಲ್ಲಿ ವಿಲ್ ಹ್ಯಾರಿಸ್ ತಮ್ಮ ವೈಟ್ ಓಕ್ ಪಾಶ್ಚರ್ಸ್ ಹೊಲದಲ್ಲೇ 2008ರಲ್ಲಿ ಕಸಾಯಿಖಾನೆ ಕಟ್ಟಿಕೊಂಡರು. ಸೊರಗಿದ್ದ ಆ ಪುಟ್ಟ ಊರಿನಲ್ಲಿ ಈಗ ನೂರಕ್ಕೂ ಹೆಚ್ಚು ಜನರಿಗೆ ಅಲ್ಲೇ ಕೆಲಸವಿದೆ. ಅಂಥ ಬಂಡವಾಳ ಎಲ್ಲರಿಗೂ ಎಟುಕುವುದಿಲ್ಲ.

ಕಾನೂನು ಮತ್ತು ಸಂಘಗಳು

ಮಾಂಸ ಯಾವ ದೇಶದ್ದು ಎಂದು ಚೀಟಿ ಹಚ್ಚಬೇಕೆಂಬುದು ರ‍್ಯಾಂಚ್‌ಗಳ ಹಳೆಯ ಬೇಡಿಕೆ. 2002ರ ಕಾಯಿದೆಯಲ್ಲಿ ಬಂದ ಈ ನಿಯಮ ಜಾರಿಯಾದ ಮೇಲೆ ಕೆನಡಾ, ಮೆಕ್ಸಿಕೊ ದೇಶಗಳು ವಿಶ್ವ ವ್ಯಾಪಾರ ಸಂಸ್ಥೆಗೆ ದೂರಿ ಗೆದ್ದವು. 2015ರ ಡಿಸೆಂಬರ್‌ನಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ದನ, ಹಂದಿ ಮಾಂಸಕ್ಕೆ ಅದನ್ನು ರದ್ದು ಮಾಡಿತು. ಹೊರದೇಶದ ದನದ ಮಾಂಸವನ್ನು ಅಮೆರಿಕದಲ್ಲಿ ತುಂಡು ಮಾಡಿ ಪ್ಯಾಕ್ ಮಾಡಿದರೂ ಅಮೆರಿಕದ ಉತ್ಪನ್ನ ಎಂದು ಬರೆಯಬಹುದಾಗಿತ್ತು. 2024ರಲ್ಲಿ ಹೊರಡಿಸಿದ ನಿಯಮದಂತೆ 2026ರ ಜನವರಿ 1ರಿಂದ ಅಲ್ಲೇ ಹುಟ್ಟಿ, ಬೆಳೆದು, ಕಡಿದ ದನಕ್ಕೆ ಮಾತ್ರ ಆ ಚೀಟಿ ಸಲ್ಲುತ್ತದೆ. ಚೀಟಿ ಹಚ್ಚುವುದು ಮಾತ್ರ ಐಚ್ಛಿಕ.

ಸಾಕಣೆದಾರರಲ್ಲೇ ಒಮ್ಮತವಿಲ್ಲ. ನ್ಯಾಷನಲ್ ಕ್ಯಾಟಲ್‌ಮೆನ್ಸ್ ಬೀಫ್ ಅಸೋಸಿಯೇಷನ್ ಸರ್ಕಾರ ಒಪ್ಪಂದಗಳಿಗೆ ಕೈಹಾಕಬಾರದು ಎನ್ನುತ್ತದೆ. ಮೊಂಟಾನಾದ ಬಿಲ್ಲಿಂಗ್ಸ್‌ನಲ್ಲಿ ನೆಲೆಯಿರುವ ಆರ್-ಕಾಫ್ ಯುಎಸ್‌ಎ ಕಂಪನಿಗಳ ವಿರುದ್ಧ ನ್ಯಾಯಾಲಯ ಹತ್ತಿದೆ. ಮಾರುವ ಪ್ರತಿ ದನದ ಮೇಲೆ ಕಡ್ಡಾಯವಾಗಿ ವಸೂಲಾಗುವ ಒಂದು ಡಾಲರ್ ಪ್ರಚಾರ ನಿಧಿಯ ಬಗ್ಗೆಯೂ ಜಗಳವಿದೆ. ಅದು ಸರ್ಕಾರದ ಮಾತು, ಆದ್ದರಿಂದ ಕಡ್ಡಾಯ ವಸೂಲಿ ತಪ್ಪಲ್ಲ ಎಂದು 2005ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಈಚಿನ ಸ್ಥಿತಿ

ವರ್ಷಗಟ್ಟಲೆಯ ಬರದಲ್ಲಿ ಕುಟುಂಬಗಳು ತಾಯಿ ಹಸುಗಳನ್ನೇ ಮಾರಿದ್ದರಿಂದ 2025ರ ಜನವರಿ 1ರಂದು ದೇಶದ ದನಗಳ ಸಂಖ್ಯೆ 8.67 ಕೋಟಿಗೆ ಇಳಿಯಿತು. 1951ರಿಂದೀಚೆಗೆ ಇಷ್ಟು ಕಡಿಮೆ ಇರಲಿಲ್ಲ. ಮಾಂಸ ತಿನ್ನುವ ಹುಳುವಿನ ಭಯದಿಂದ ಮೆಕ್ಸಿಕೊದ ದನಗಳ ಆಮದೂ ನಿಂತಿತು. ಬಹುಕಾಲದ ಮೇಲೆ ಬೆಲೆ ಸಾಕುವವರ ಕಡೆ ವಾಲಿತು: ಹಗುರ ಕರುಗಳ ದರ ಪೌಂಡಿಗೆ 4 ಡಾಲರ್ ದಾಟಿತು, ಅಂಗಡಿಯಲ್ಲಿ ಕೈಮಾ ಪೌಂಡಿಗೆ 6 ಡಾಲರ್ ಮೀರಿತು. ದನ ಸಾಲದೆ ಟೈಸನ್‌ನ ದನದ ಮಾಂಸದ ವಿಭಾಗ ನಷ್ಟಕ್ಕೆ ಬಿತ್ತು. 2025ರ ನವೆಂಬರ್‌ನಲ್ಲಿ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಮಾಂಸ ಕಂಪನಿಗಳ ಮೇಲೆ ತನಿಖೆಗೆ ಸೂಚಿಸಿದರು. ಅದೇ ತಿಂಗಳು ಟೈಸನ್ ನೆಬ್ರಾಸ್ಕಾದ ಲೆಕ್ಸಿಂಗ್ಟನ್ ಘಟಕ ಮುಚ್ಚುವುದಾಗಿ ಸಾರಿತು. ಸುಮಾರು 3,200 ಕೆಲಸಗಾರರ ಜೊತೆಗೆ ಸುತ್ತಲಿನ ಸಾಕಣೆದಾರರೂ ಹತ್ತಿರದ ಒಬ್ಬ ಕೊಳ್ಳುವವನನ್ನು ಕಳೆದುಕೊಂಡರು. ಅಲ್ಲಿಂದ ನೂರು ಕಿಲೋಮೀಟರ್ ಆಸುಪಾಸಿನ ನಾರ್ತ್ ಪ್ಲಾಟ್‌ನಲ್ಲಿ ಸಾಕಣೆದಾರರೇ ಮುಂದಾಗಿ, ವಾಲ್‌ಮಾರ್ಟ್‌ನ ಪಾಲುದಾರಿಕೆಯೊಂದಿಗೆ ಕಟ್ಟಿದ ಸಸ್ಟೇನಬಲ್ ಬೀಫ್ ಘಟಕ 2025ರಲ್ಲಿ ಕೆಲಸ ಆರಂಭಿಸಿದೆ. ಅದರ ಸಾಮರ್ಥ್ಯ ದಿನಕ್ಕೆ 1,500 ದನ.

ಬೆಲೆ ಚೆನ್ನಾಗಿದೆ ಎಂದು ಹಿಂಡು ಬೆಳೆಸುವುದೂ ಸುಲಭವಲ್ಲ. ಮಾರಿದರೆ ಇಂದೇ ಒಳ್ಳೆಯ ದುಡ್ಡು ತರುವ ಹೆಣ್ಣುಗರುವನ್ನು ತಾಯಿಯಾಗಲೆಂದು ಉಳಿಸಿಕೊಂಡರೆ ಅದು ಹೋರಿಗೆ ಬಂದು, ಗಬ್ಬವಾಗಿ, ಈದು, ಆ ಕರು ಮಾರುಕಟ್ಟೆಗೆ ಬರುವ ಹೊತ್ತಿಗೆ ಎರಡು ವರ್ಷವಾದರೂ ಕಳೆದಿರುತ್ತದೆ. ಸಾಲದ ಬಡ್ಡಿ ಕಟ್ಟುತ್ತಿರುವ ಮನೆಗಳು ಈಗ ಆ ಲೆಕ್ಕ ಹಾಕುತ್ತಿವೆ.